ಚಿನ್ನು ಉಜ್ಜಿ ತಂದ ತೊಗಟೆ

ಜುಲೈ 3, ಗುರುವಾರ

ಬಸ್ಸಿನಲ್ಲಿ ಎರಡು ಪದ್ಯ ಓದಿದೆ. ಶಾಲೆಯಿರುವ ವೀರನಹೊಸಹಳ್ಳಿ ಬರುವಷ್ಟರಲ್ಲಿ ಪುಸ್ತಕ ಮುಚ್ಚಿದೆ.

ಇವತ್ತೂ ಡ್ರಾಯಿಂಗ್ ಪಾಠಕ್ಕೆ ಬೋರ್ಡಿನ ಮೇಲೆ ಚುಕ್ಕೆ, ಗೀಟು, ಅಡ್ಡಗೀಟು. ಹುಲ್ಲಿಗೆ ಹೇಗೆ, ಕಲ್ಲಿಗೆ ಹೇಗೆ. ಆರನೇ ಕ್ಲಾಸಿನ ಮಕ್ಕಳೆಲ್ಲ ನನ್ನ ಹುಲ್ಲನ್ನೇ ಬರೆದರು. ಒಬ್ಬರದೂ ಅವರು ಕಂಡ ಹುಲ್ಲಲ್ಲ... ಹೋಂವರ್ಕ್ ಕೊಟ್ಟೆ — ಒರಟಾದದ್ದರ ಮೇಲೆ ಹಾಳೆ ಇಟ್ಟು ಕ್ರೇಯಾನ್ ಉಜ್ಜಿ ತನ್ನಿ. ಬೇರೆ ಯಾರೂ ತರದ್ದನ್ನು ತಂದವರಿಗೆ ಬಣ್ಣದ ಪೆನ್ಸಿಲ್ ಬಾಕ್ಸ್.

ಜುಲೈ 5, ಶನಿವಾರ, ಬೆಳಿಗ್ಗೆ 11

ಗೋಣಿಚೀಲ, ಬೀಸೋಕಲ್ಲು, ಚಪ್ಪಲಿಯ ತಳ. ಚಂದು ಅಜ್ಜಿಯ ಹಿಮ್ಮಡಿಯನ್ನೇ ಉಜ್ಜಿ ತಂದಿದ್ದ. "ಕಚಗುಳಿ ಆಯ್ತದೆ ಅಂತ ಒದ್ದೇ ಬುಡ್ತು ಮಿಸ್!" ಎಲ್ಲರೂ ನಕ್ಕೆವು.

ಆಮೇಲೆ ಚಿನ್ನು ಹಾಳೆ ಬಿಚ್ಚಿದಳು. ಮರದ ತೊಗಟೆ. ಅದರ ಮೇಲೆ ನಾಲ್ಕು ಉದ್ದನೆಯ ಬಿಳಿ ಗೀರು, ಒಂದರ ಪಕ್ಕ ಒಂದು. ಹಾಳೆಯ ಅಂಚಿನಲ್ಲಿ ಮರದ ಅಂಟು ಇನ್ನೂ ಹಸಿ.

"ಎಲ್ಲಿ ಸಿಕ್ಕಿತು?"

"ನಮ್ಮೊಲದ ಪಕ್ಕ, ಕಾಡಂಚಲ್ಲಿ. ಬಾಕ್ಸ್ ನಂಗೇ ಅಲ್ವಾ ಮಿಸ್?"

ಹುಲಿ ಉಗುರು ಎಳೆದ ಮರವೇ? ಹೆಡ್‌ಮಾಸ್ಟರ್ ಶಿವಶಂಕರ್‌ಗೆ ತೋರಿಸಿದೆ. "ಯಾರೋ ಮಚ್ಚಲ್ಲಿ ಕೊಚ್ಚವ್ರೆ ಬುಡಿ ಮೇಡಂ. ಕ್ರೇಯಾನ್ ನೋಡಿ ಫಾರೆಸ್ಟ್‌ನೋರ್ನ ಕರುದ್ರೆ ನಗ್ತಾರೆ ಕಣ್ರೀ."

ಮಚ್ಚು ಇಷ್ಟು ಸಮನಾಗಿ ಬೀಳುತ್ತದೆಯೇ... ಆದರೂ ಫೋನ್ ಮಾಡಲಿಲ್ಲ. ಅಲ್ಲಿಗೆ ಹೋಗಬೇಡ ಎಂದೆ ಚಿನ್ನುಗೆ, ಅಷ್ಟೆ. ಬಾಕ್ಸನ್ನೂ ಕೊಟ್ಟೆ.

ಜುಲೈ 6, ಭಾನುವಾರ

ಓದಲು ಕೂತೆ. ಸಾಲುಗಳ ನಡುವೆ ಆ ನಾಲ್ಕು ಗೀರು.

ಜುಲೈ 7, ಸೋಮವಾರ, ಮಧ್ಯಾಹ್ನ 12.40

ಚಿನ್ನು ಬಂದಳು. ಉಸಿರು ಬಿಟ್ಟೆ.

ಹೊಸ ಹಾಳೆ ಕೊಟ್ಟಳು. ಈ ಸಲ ಉಜ್ಜಿದ್ದಲ್ಲ, ಬರೆದದ್ದು. ಸಾವಿರಾರು ಪುಟ್ಟ ಗೀಟು. ಕತ್ತಿನ ಬಳಿ ಹಿಂದಕ್ಕೆ ಒರಗಿವೆ, ಹೊಟ್ಟೆಯ ಬಳಿ ಕೆಳಕ್ಕೆ ಇಳಿದಿವೆ. ಮೇಲೆ ಕಪ್ಪು ಪಟ್ಟೆ. ಇದನ್ನು ನಾನು ಕಲಿಸಿಲ್ಲ. ಹತ್ತಿರದಿಂದ ನೋಡದವರಿಗೆ ಬರುವುದಿಲ್ಲ.

"ಇದ್ನ ಉಜ್ಜಕ್ಕಾಯ್ತದಾ ಮಿಸ್? ಒಲ ಕಾಯೋ ಅಟ್ಟಣೆ ಕೆಳಗೇ ಮಲಗಿತ್ತು. ಮೇಲ್ ಕೂತ್ಕಂಡು ನೋಡಿ ಬರ್ದೆ."

"ಒಬ್ಬಳೇ?"

"ಊಂ. ತಾತ ಕಾಪಿಗೋಗಿತ್ತು. ಅದು ಎದ್ದೋಯ್ತು, ಬಾಲ ಬಾಕಿ ಅದೆ."

ಬೇರೆ ಯಾರೂ ತರದ್ದು ಎಂದವಳು ನಾನು.

ಫಾರೆಸ್ಟ್ ಗಾರ್ಡ್ ಮಹೇಶ್‌ಕುಮಾರ್‌ಗೆ ಚಿತ್ರದ ಫೋಟೊ ಕಳಿಸಿದೆ. ಅವರು ನಗಲಿಲ್ಲ. "ಹುಲೀನೇ ಮೇಡಂ. ಮಕ್ಕಳ್ನ ಒಳಗೇ ಇಟ್ಕಳಿ, ಬತ್ತಿದೀವಿ."

ಬಾಗಿಲು ಹಾಕಿದೆ. ಚಿನ್ನುವನ್ನು ಪಕ್ಕದಲ್ಲೇ ಕೂರಿಸಿಕೊಂಡು ಬರೆಯುತ್ತಿದ್ದೇನೆ. ಎಡಗೈ ಅವಳ ಭುಜ ಬಿಡುತ್ತಿಲ್ಲ.

ಜೀಪಿನ ಸದ್ದು. ಭುಜ ಕೊಸರುತ್ತಿದೆ. "ಅವ್ರು ಅದ್ನ ಇಡ್ಕಂಡೋಗ್ಬುಟ್ರೆ ಬಾಲ ಎಂಗ್ ಬರೀಲಿ ಮಿಸ್? ಒಂದೇ ಒಂದ್ಸಲ, ಓಗಿ ನೋಡ್ಕ—"