ಮೊದಲು ಯಾರಿಗೆ ಫೋನ್ ಹೋಗಬೇಕು

ಗುರುವಾರ, ಮಧ್ಯಾಹ್ನ
ಅಂಗಡಿಯಿಂದ

ನನ್ನ ಗಿರಗಿಟ್ಲೆಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆಯೇ ಕೈಸೇರಿತು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ಹತ್ತು ಕೇಳುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ. ನೀನು ಕೇಳಿರುವುದು ಎರಡು ವಿಷಯ. ಇಪ್ಪತ್ತೆರಡನೇ ತಾರೀಕು ಬೆಟ್ಟದಾಚೆಯ ಹೊಳೆಗಳ ನೀರಿನ ಮಟ್ಟ ಅಳೆಯುವ ಯಂತ್ರಗಳನ್ನು ನೋಡಿಕೊಂಡು ಬರಲು ಹನ್ನೆರಡು ದಿನ ಒಬ್ಬಳೇ ಹೊರಟಿದ್ದೀಯ, ಯಾವ ತುರ್ತು ಸಾಧನ ಒಯ್ಯಬೇಕು ಅನ್ನುವುದು ಒಂದು. ಹೊರಡುವ ಮೊದಲೇ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿಬಿಡಲೇ ಅನ್ನುವುದು ಇನ್ನೊಂದು. ಮೊದಲನೆಯದು ನನ್ನ ಕಸುಬು, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ಹೋದ ವರ್ಷ ನೀನು ಒಯ್ದದ್ದು ಬರೀ ಗುಂಡಿಯ ಪೆಟ್ಟಿಗೆ. ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ, ಅಲ್ಲಿಂದ ತಿರುಗಿ ಒಂದು ಮಾತೂ ಬರುವುದಿಲ್ಲ. ಕಾಲು ಮುರಿದುಕೊಂಡು ನೀನು ಆ ಕಣಿವೆಯ ತಳದಲ್ಲಿ ಹತ್ತೊಂಬತ್ತು ಗಂಟೆ ಬಿದ್ದಿದ್ದೆ, ಯಾರಿಗಾದರೂ ಕೇಳಿಸಿತೋ ಇಲ್ಲವೋ ಎಂದು ತಿಳಿಯದೆ. ಕೊನೆಗೆ ಬಂದವರು ಏನೆಂದರು ಎಂಬುದನ್ನು ನೀನು ನೂರು ಸಲ ಹೇಳಿದ್ದೀಯ. 'ಸಂಜೆನೇ ನಿಮ್ಮ ಕಡೆಯವರಿಗೆ ಫೋನ್ ಮಾಡಿದ್ವಿ, ಸುಳ್ಳು ಕರೆ ಅಂದ್ರು, ಅದಕ್ಕೇ ಹೊರಡಲಿಲ್ಲ' ಅಂತ. ನೋಂದಣಿ ನಮೂನೆಯಲ್ಲಿ ನೀನು ಕೈಯಾರೆ ಬರೆದಿದ್ದದ್ದು ಗಂಡನ ನಂಬರ್ ಒಂದನ್ನೇ. ಇನ್ನು ಕೇಳುವುದೇನಿದೆ ಎಂದು ನೀನು ಊರುಗೋಲಿನಲ್ಲೇ ಮನೆ ಬಿಟ್ಟು ಹೊರಟೆ. ನಾನೂ ಬೇಡ ಎನ್ನಲಿಲ್ಲ.

ಈಗ ಸಾಧನದ ಮಾತು. ಕೈಯಲ್ಲಿ ಹಿಡಿಯುವ ವಾಕಿಟಾಕಿ ಬೇಡವೇ ಬೇಡ, ಗುಡ್ಡ ಅಡ್ಡ ಬಂದರೆ ಅದು ಆಟದ ಸಾಮಾನು. ಉಪಗ್ರಹ ಫೋನಿನಲ್ಲಿ ಮಾತಾಡಬಹುದು ನಿಜ, ಆದರೆ ಭಾರ, ಬ್ಯಾಟರಿ ನುಂಗುತ್ತದೆ. ಮೊನ್ನೆ ಒಬ್ಬ ಗಿರಾಕಿ ಅದನ್ನು ಕೊಂಡು ಬಾಗಿಲ ತನಕ ಹೋದವನು ತಿರುಗಿ ಬಂದು, ಕಾಡಿನಲ್ಲಿ ಚಾರ್ಜಿಗೆ ಎಲ್ಲಿ ಹಾಕಲಿ ಎಂದು ಕೇಳಿದ. ನಿನಗೆ ತಕ್ಕದ್ದು ಉಪಗ್ರಹದ ಮೂಲಕ ಸಂದೇಶ ಕಳಿಸುವ, ತಿರುಗಿ ಬಂದದ್ದನ್ನು ತೋರಿಸುವ ಸಣ್ಣ ಸಾಧನ. ಕಾಲು ಮುರಿದಿದೆ, ನೀರಿದೆ, ಬನ್ನಿ ಎಂದು ನೀನೇ ಬರೆಯಬಹುದು. ಬರುತ್ತಿದ್ದೇವೆ ಎಂಬ ಉತ್ತರವನ್ನು ನೀನೇ ಓದಬಹುದು. ನಿನ್ನ ಪರವಾಗಿ ಇನ್ನೊಬ್ಬರು ಬಾಯಿ ಬಿಡುವ ಅಗತ್ಯ ಇರುವುದಿಲ್ಲ. ಜೊತೆಗೆ ಗುಂಡಿಯ ಪೆಟ್ಟಿಗೆಯೂ ಒಂದಿರಲಿ, ಅದರ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಎರಡನ್ನೂ ಚೀಲದಲ್ಲಿ ಹಾಕಬೇಡ, ಮೈಗೆ ಕಟ್ಟಿಕೋ. ಬಿದ್ದಾಗ ಚೀಲ ಒಂದು ಕಡೆ, ನೀನು ಒಂದು ಕಡೆ ಆಗುತ್ತೀರಿ.

ಕೊಳ್ಳುವಾಗ ಯಾರನ್ನೂ ನಂಬಬೇಡ. ಡಬ್ಬಿಯ ಮೇಲಿನ ತಾರೀಕನ್ನು ನಂಬಬೇಡ, ಬ್ಯಾಟರಿಯ ಮೇಲಿನ ತಾರೀಕನ್ನು ನೋಡು. 'ನೋಂದಣಿ ನಾವೇ ಮಾಡಿಸ್ತೀವಿ ಬಿಡಿ' ಎಂದು ಅಂಗಡಿಯವರು ನಗುನಗುತ್ತಾ ಅಂದರೆ ನೀನು ನಗಬೇಡ. ನಮೂನೆಯನ್ನು ನೀನೇ ತುಂಬಿ ನೀನೇ ಕಳಿಸು. ವಾರ ಬಿಟ್ಟು ಕೇಂದ್ರಕ್ಕೆ ಫೋನ್ ಮಾಡಿ, ಈ ಪೆಟ್ಟಿಗೆ ಕೂಗಿದರೆ ಮೊದಲು ಯಾರಿಗೆ ತಿಳಿಸುತ್ತೀರಿ ಎಂದು ಕೇಳಿ, ಅವರ ಬಾಯಿಂದಲೇ ನಂಬರ್ ಹೇಳಿಸು. ಅಂಗಡಿಯವಳೇ ಹೀಗೆ ಹೇಳುತ್ತಿದ್ದಾಳಲ್ಲ ಎಂದು ನಗು ಬಂದರೆ ಬರಲಿ.

ನನ್ನ ನಂಬರ್ ಬರೆಯಲೇ ಎಂದು ಕೇಳಿದ್ದೀಯ. ಬೇಡ. ಅಂಗಡಿಯಲ್ಲಿ ಗಲಾಟೆ, ಒಂದು ಕೇಳಿದರೆ ಒಂದು ಕೇಳುವುದಿಲ್ಲ. ನಿನ್ನ ಕಚೇರಿಯ ಮೇಲಧಿಕಾರಿಯದನ್ನು ಬರೆ, ಪಾಪ, ಒಳ್ಳೆಯ ಹೆಂಗಸು.

ಇನ್ನು ನಿನ್ನ ಗಂಡನ ಸಮಾಚಾರ. ಸೋಮವಾರ ಬೆಳಿಗ್ಗೆ ಅಂಗಡಿಗೆ ಬಂದಿದ್ದ. ಕನ್ನಡಕ ಮಾಡುವವನಿಗೆ ನನ್ನ ಅಂಗಡಿಯಲ್ಲಿ ಏನು ಕೆಲಸ ಹೇಳು. ಅವಳು ಈ ಸಲ ಯಾವ ಪೆಟ್ಟಿಗೆ ಒಯ್ಯುತ್ತಾಳೆ ಎಂದು ಕೇಳಿದ. ಬಿಟ್ಟುಹೋದ ಹೆಂಡತಿಯ ಪೆಟ್ಟಿಗೆಯ ಚಿಂತೆ ಇವನಿಗೇಕೆ ಎಂದು ಆಗಲೇ ನನ್ನ ಕಿವಿ ನಿಮಿರಿತು. ಆಮೇಲೆ ಹೋದ ವರ್ಷದ ನಮೂನೆಯ ಮಾತೆತ್ತಿದ. 'ಅತ್ತೆ, ನನಗೆ ಫೋನ್ ಬಂದಿದ್ದು ಬೆಳಿಗ್ಗೆ ಏಳು ಗಂಟೆಗೆ. ಹಾಗಾದ್ರೆ ಸಂಜೆ ಯಾರಿಗೆ ಮಾಡಿದ್ರು' ಅಂದ. ನನಗೇನು ಗೊತ್ತಪ್ಪಾ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನುವ ಮೊದಲೇ ಇವನು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಷ್ಟೇ ಅಲ್ಲ. ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದ. ಆ ಎರಡು ದಿನ ಅವನ ಫೋನಿಗೆ ಬಂದ ಕರೆಗಳ ಪಟ್ಟಿ, ಫೋನ್ ಕಂಪನಿಯ ಮೊಹರು ಬೇರೆ. ಸಂಜೆಯ ಹೊತ್ತಿನಲ್ಲಿ ಒಂದು ಕರೆಯೂ ಇಲ್ಲ. ತಪ್ಪು ಮಾಡದವನು ಇಷ್ಟೆಲ್ಲ ದಾಖಲೆ ಕೂಡಿಹಾಕುತ್ತಾನೆಯೇ? ಅದನ್ನು ನಿನಗೆ ಕಳಿಸಿ ಎಂದು ಬಿಟ್ಟುಹೋದ. ಲಕೋಟೆ ದಪ್ಪವಾಗುತ್ತದೆ ಎಂದು ಇದರಲ್ಲಿ ಇಟ್ಟಿಲ್ಲ. ಕೇಂದ್ರಕ್ಕೂ ಬರೆದಿದ್ದಾನಂತೆ, ಆ ಸಂಜೆ ಯಾವ ನಂಬರಿಗೆ ಫೋನ್ ಹೋಯಿತು ಎಂದು ಲಿಖಿತವಾಗಿ ತಿಳಿಸಿ ಅಂತ. ಉತ್ತರಕ್ಕೆ ಮೂರು ವಾರವಂತೆ. ಹೋಗುವಾಗ ಬಾಗಿಲಲ್ಲಿ ನಿಂತು ಕನ್ನಡಕ ತೆಗೆದು ಒರೆಸುತ್ತಾ, 'ನೀವು ಊಟ ಮಾಡಿದ್ರಾ ಅತ್ತೆ, ಮುಖ ಬಾಡಿದೆ' ಅಂದ. ಅಷ್ಟು ವಿಚಾರಣೆ ಮಾಡಿ ಊಟದ ಮಾತು. ಅದೂ ನನಗೆ ಸರಿಬರಲಿಲ್ಲ.

ಸಹಿ ವಿಷಯ ನಿನ್ನ ಇಷ್ಟ. ಹಾಕು ಎಂದು ನಾನು ಹೇಳುವುದಿಲ್ಲ, ಹಾಕಬೇಡ ಎಂದೂ ಹೇಳುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತೀಯ ಎಂದು ಬೈದರೂ ಸರಿ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ನಡೆ.

ಪ್ರೀತಿಯಿಂದ,
ನಿನ್ನ ಅಮ್ಮ

ತಾ.ಕ.: ಶುಕ್ರವಾರ. ಅಂಚೆಪೆಟ್ಟಿಗೆಯ ತನಕ ಹೋಗಿ ತಿರುಗಿ ಬಂದೆ. ಲಕೋಟೆ ಹರಿದು ಮತ್ತೆ ಬರೆಯುತ್ತಿದ್ದೇನೆ.

ಹೋದ ವರ್ಷ ನೀನು ತುಂಬಿಕೊಟ್ಟ ನಮೂನೆಯನ್ನು ನಾನು ಕಳಿಸಿರಲೇ ಇಲ್ಲ. ಹೊಸ ಸರಕು ಬಂದಿರಲಿಲ್ಲ, ನಿನಗೆ ಹೊರಡುವ ಅವಸರ. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಪೆಟ್ಟಿಗೆಯನ್ನೇ ಕೊಟ್ಟೆನಲ್ಲ, ಅದು ಅಂಗಡಿಯ ಹೆಸರಿನಲ್ಲಿತ್ತು. ನಿನ್ನ ಹೆಸರಿಗೆ ಬದಲಾಯಿಸುತ್ತೇನೆ ಎಂದು ನಮೂನೆಯನ್ನು ರಿಪೇರಿ ಚೀಟಿಗಳ ಜೊತೆ ಸೇರಿಸಿ ಮರೆತೆ. ನಿನಗೆ ಕೊಡುವ ಮೊದಲು, ಆ ತಿಂಗಳಲ್ಲೇ ಎರಡು ಸಲ ಯಾರೋ ಗಿರಾಕಿಗಳು ಅದರ ಗುಂಡಿ ಒತ್ತಿ, ಕೇಂದ್ರದವರಿಂದ ನಾನು ಬೈಸಿಕೊಂಡಿದ್ದೆ.

ಮೂರನೆಯ ಸಲ ಫೋನ್ ಬಂದಾಗ ಸಂಜೆ ಐದು ಗಂಟೆ. ನೀನು ಹೊರಟು ಮೂರು ದಿನವಾಗಿತ್ತು, ಅಂಗಡಿ ತುಂಬ ಜನ. ನಿಮ್ಮ ಪೆಟ್ಟಿಗೆ ಕೂಗುತ್ತಿದೆ, ಜಾಗ ಇನ್ನೂ ಗೊತ್ತಾಗುತ್ತಿಲ್ಲ ಎಂದರು. ಸುಳ್ಳು ಕರೆ, ಯಾರೋ ಮತ್ತೆ ಒತ್ತಿದ್ದಾರೆ ಎಂದೆ. ಖಂಡಿತವಾ ಎಂದು ಕೇಳಿದರು. 'ಇಪ್ಪತ್ತಾರು ವರ್ಷದಿಂದ ಅಂಗಡಿ ನಡೆಸ್ತಿದೀನಿ, ನನಗೆ ಗೊತ್ತಾಗಲ್ವಾ' ಎಂದು ಫೋನ್ ಇಟ್ಟೆ. ಕತ್ತು ತಿರುಗಿಸಿದ್ದರೆ ಪೆಟ್ಟಿಗೆ ಇರುತ್ತಿದ್ದ ಜಾಗ ಖಾಲಿ ಇರುವುದು ಕಾಣುತ್ತಿತ್ತು. ತಿರುಗಿಸಲಿಲ್ಲ.

ಬೆಳಿಗ್ಗೆ ಜಾಗ ತಿಳಿದು ಅವರು ಮತ್ತೆ ಫೋನ್ ಮಾಡಿದಾಗ, ಆ ಪೆಟ್ಟಿಗೆ ನನ್ನ ಮಗಳ ಹತ್ತಿರ ಇದೆ ಎಂದೆ. ಅವಳ ಮನೆಯವರು ಯಾರು ಎಂದರು, ನಿನ್ನ ಗಂಡನ ನಂಬರ್ ಕೊಟ್ಟೆ. ಆಸ್ಪತ್ರೆಯಲ್ಲಿ ನೀನು ಅವನ ಮುಖ ನೋಡದೆ ಗೋಡೆ ಕಡೆ ಹೊರಳಿದಾಗ ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಹೇಳಿದರೆ ನನ್ನ ಕಡೆಗೂ ಬೆನ್ನು ಹಾಕುತ್ತೀಯ ಎಂದು ಹೆದರಿದೆ. ಒಂದು ವರ್ಷ ಹೆದರಿಕೊಂಡೇ ಅವನ ಮೇಲೆ ಹೊರಿಸಿದೆ. ಹೇಗಿದ್ದರೂ ಕೇಂದ್ರದವರ ಉತ್ತರ ಬರುತ್ತದೆ ಎಂದು ಈಗ ಬಾಯಿ ಬಿಡುತ್ತಿದ್ದೇನೋ, ನಿನ್ನ ಸಂಸಾರ ಉಳಿಯಲಿ ಎಂದೋ, ಆ ಬಗ್ಗೆ ನನಗೆ ನನ್ನ ಮೇಲೆಯೇ ಅನುಮಾನ.

ಸಹಿ ಹಾಕಬೇಡ, ಮಗಳೇ. ಅವನು ಕೊಟ್ಟ ಕರೆಗಳ ಪಟ್ಟಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಹೊರಡುವ ಮೊದಲು ಅವನಿಗೆ ನೀನೇ ಫೋನ್ ಮಾಡು. ನನಗೆ ಮಾಡುವುದು ಬಿಡುವುದು ನಿನಗೆ ಬಿಟ್ಟದ್ದು.