ನಡಾವಳಿ ಪುಸ್ತಕದ ಪುಟ

ಆನವಟ್ಟಿ, ಭಾನುವಾರ

ಶಾಲಾ ಕಾರ್ಯದರ್ಶಿ ಕೊಟ್ರೇಶ್ ಅವರಿಗೆ ನಮಸ್ಕಾರ.

ಶಾಲೆಯ ಸಲಹಾ ಮಂಡಳಿಗೆ ಅಧಿಕಾರವೇ ಇಲ್ಲ, ಸದಸ್ಯರಾದ ನಿಮಗೇನೂ ತೊಂದರೆಯಾಗದು ಎಂದು ನಿನ್ನೆ ಫೋನಿನಲ್ಲಿ ಧೈರ್ಯ ಹೇಳಿದಿರಿ. ನನ್ನ ಸಹಿಯಿರುವ ಪುಟವನ್ನು ನಡಾವಳಿ ಪುಸ್ತಕದಿಂದ ಹರಿದು ತೆಗೆಯುತ್ತೇನೆ ಎಂದೂ ಹೇಳಿದಿರಿ.

ದಯವಿಟ್ಟು ಹರಿಯಬೇಡಿ. ನೀರಿನ ಸಂಪಿಗೆ ಮುಚ್ಚಳ ಬೇಕೆಂದು ಜೂನ್ ಸಭೆಯಲ್ಲಿ ಸಲಹೆ ಕೊಟ್ಟವನು ನಾನೇ. ಆಗಸ್ಟ್‌ನಲ್ಲಿ ನೀವು ‘ಸಲಹೆಯಂತೆ ಮುಚ್ಚಳ ಹಾಕಿಸಲಾಗಿದೆ’ ಎಂದು ಓದಿದಾಗ, ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಸಹಿ ಹಾಕಿದವನೂ ನಾನೇ. ಸಂಪು ಸಭೆಯ ಕೋಣೆಯಿಂದ ಇಪ್ಪತ್ತು ಹೆಜ್ಜೆ. ಎದ್ದು ಹೋಗಿ ನೋಡಲಿಲ್ಲ. ಎರಡನೇ ಕ್ಲಾಸಿನ ಕರುಣಾ ಬಿದ್ದದ್ದು ಅದರಲ್ಲೇ.

ಗುರುವಾರ ಮಗುವಿನ ಮಣ್ಣಿಗೆ ಉಳವಿಗೆ ಹೋಗಿದ್ದೆ. ತಾಯಿ ಅಶ್ವಿನಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಬೈಯಲಿಲ್ಲ. “ಗೇಟಿನ ಬೋರ್ಡಲ್ಲಿ ನಿಮ್ಮ ಹೆಸ್ರು ನೋಡೇ ಅಲ್ಲಿಗೆ ಸೇರ್ಸಿದ್ದು ಸಾರ್,” ಎಂದಳು, ಅಷ್ಟೇ.

ಆದ್ದರಿಂದ ಬೋರ್ಡಿನಲ್ಲಿರುವ ನನ್ನ ಹೆಸರನ್ನು, ಇನ್ನೊಬ್ಬ ತಾಯಿ ಓದುವ ಮೊದಲು, ಇಂದೇ ಅಳಿಸಿ. ಪುಟ ಮಾತ್ರ ಇದ್ದಂತೆಯೇ ಇರಲಿ. ನಾಳೆ ಹತ್ತು ಗಂಟೆಗೆ ಪುಸ್ತಕವನ್ನು ಠಾಣೆಗೆ ತನ್ನಿ. ಯಾವ ಸಾಲಿನ ಕೆಳಗೆ ಸಹಿ ಹಾಕಿದೆನೆಂದು ನಾನೇ ತೋರಿಸುತ್ತೇನೆ.

ನಾಗರಾಜಪ್ಪ
ನಿವೃತ್ತ ಹೆಡ್‌ಮಾಸ್ಟರ್