ಇವತ್ತು ಯಾರು ಬಂದಿಲ್ಲ

೧೧ ಸೆಪ್ಟೆಂಬರ್ ೨೦೧೨, ಮಂಗಳವಾರ, ಡೊಂಬಿವಲಿ

ಇಲ್ಲ ಕಶ್ಯಪ್ ಸರ್, ಹೋಟೆಲಿನ ಮ್ಯಾನೇಜರ್ ಬೆಳಿಗ್ಗೆ ಕಂಪ್ಯೂಟರ್ ತೆರೆದ ಕೂಡಲೇ ಹುಡುಕುವುದು ನಿಮ್ಮ ಬಣ್ಣದ ಗ್ರಾಫನ್ನಲ್ಲ. ದೋಸೆ ಭಟ್ಟರು ಬಂದರೋ ಇಲ್ಲವೋ, ಅವರಿಗೆ ಅದೇ ಚಿಂತೆ. ಬಾರದಿದ್ದರೆ ಬೇರೆ ಬ್ರಾಂಚಿನಿಂದ ಯಾರನ್ನಾದರೂ ಲೋಕಲ್ ರೈಲು ಹತ್ತಿಸಿ ಕರೆಸಬೇಕು.

ಇದನ್ನು ಆಫೀಸಿನಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಐದು ಬ್ರಾಂಚಿನ ಆ ಹೋಟೆಲಿಗೆ ನಾವು ಮಾಡುತ್ತಿರುವ ಪೋರ್ಟಲಿನ ಹೋಮ್ ಪೇಜಿನಲ್ಲಿ ‘ಇವತ್ತು ಯಾರು ಬಂದಿಲ್ಲ’ ಎಂಬ ಪಟ್ಟಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ. ಸರ್ ಅದನ್ನು ಎತ್ತಿ ಮೆನುವಿನ ‘ಸ್ಟಾಫ್’ ಒಳಗೆ, ಅದರೊಳಗಿನ ‘ರಿಪೋರ್ಟ್’ ಒಳಗೆ ಹಾಕಿ, ಆ ಜಾಗದಲ್ಲಿ ವ್ಯಾಪಾರದ ಬಣ್ಣದ ಗ್ರಾಫ್ ಕೂರಿಸಿಬಿಟ್ಟರು.

“ಎಂತ ಮಾರಾಯ, ಇದು ಪೋರ್ಟಲ್ಲಾ, ಶಾಲೆಯ ಹಾಜರಿ ಪುಸ್ತಕವಾ? ನೀನಿನ್ನೂ ಹತ್ತನೇ ಕ್ಲಾಸಿಂದ ಹೊರಗೆ ಬರ್ಲಿಲ್ವಾ?”

ಎಲ್ಲರೂ ನಕ್ಕರು. ಪಕ್ಕದ ಸೀಟಿನ ತನ್ವಿಯೂ ನಕ್ಕಳು. ಅವರ ಜೊತೆ ನಾನೂ ನಕ್ಕೆ. ಅದೇ ಈಗ ಚುಚ್ಚುತ್ತಿದೆ.

ನಾಳೆ ಹನ್ನೊಂದಕ್ಕೆ ಹೋಟೆಲಿನ ಮಾಲೀಕರಿಗೆ ತೋರಿಸುವುದು ಸರ್ ಮಾಡಿದ ಪೇಜನ್ನೇ. ಅವರು ಹೂಂ ಅಂದರೆ ಮುಗಿಯಿತು.

ಎರಡು ಸಲ ಹಾಸಿಗೆ ಬಿಡಿಸಿ, ಎರಡು ಸಲ ಮಡಿಸಿದೆ.

ಆದರೆ ನಾನಾದರೂ ಯಾರನ್ನು ಕೇಳಿದ್ದೇನೆ? ಈ ಕೆಲಸಕ್ಕೆ ಮೊದಲು ಮೂರು ವರ್ಷ ಅದೇ ಹೋಟೆಲಿನ ಕೋಪರಿ ಬ್ರಾಂಚಿನ ಕೌಂಟರಿನಲ್ಲಿ ಕೂತ ನೆನಪಿನ ಮೇಲೆ ಹಾರಾಡುತ್ತಿದ್ದೇನೆ, ಅಷ್ಟೇ. ಅಲ್ಲಿನ ಮ್ಯಾನೇಜರ್ ಹಯಗ್ರೀವಣ್ಣ ರಾತ್ರಿ ಹತ್ತೂವರೆಯವರೆಗೆ ಇರುತ್ತಾರೆ. ಈಗ ಒಂಬತ್ತು. ಲ್ಯಾಪ್‌ಟಾಪಿನಲ್ಲಿ ಎರಡೂ ಪೇಜುಗಳಿವೆ. ಯಾವುದು ಯಾರದೆಂದು ಹೇಳುವುದಿಲ್ಲ. “ಬೆಳಿಗ್ಗೆ ನಿಮಗೆ ಯಾವುದು ಬೇಕಣ್ಣ?” ಎಂದಷ್ಟೇ ಕೇಳುತ್ತೇನೆ. ಅವರು ಗ್ರಾಫ್ ತೋರಿಸಿದರೆ ನಾಳೆ ಬಾಯಿ ಮುಚ್ಚಿ ಕೂರುತ್ತೇನೆ. ಪಟ್ಟಿ ತೋರಿಸಿದರೆ ಮಾಲೀಕರ ಎದುರೇ ಹೇಳುತ್ತೇನೆ, ನಗುವವರು ನಗಲಿ.

ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಸಾಕು, ಬಾಗಿಲೆಳೆದುಕೊಂಡು ಹೊರಟೆ.